ನೀಲಿ ತಟ್ಟೆಯ ಓಡಾಟ

ಅಡುಗೆಮನೆ ಇಲ್ಲದ ಕ್ಯಾಬಿನ್ನಿಗೆ ವಾರಕ್ಕೆ ನೂರ ಎಂಬತ್ತು ಡಾಲರು. ಅಡುಗೆಮನೆ ಇರುವುದಕ್ಕೆ ಇನ್ನೂರ ಇಪ್ಪತ್ತು. ತಾವಿದ್ದ ಮೌಂಟನ್ ವ್ಯೂದಿಂದ ಬೆಟ್ಟಕ್ಕೆ ಹೋಗಿ ಬರಲು ಕಾರಿನ ಪೆಟ್ರೋಲಿಗೆ ಇಪ್ಪತ್ತೈದು. ಸರೋವರದಲ್ಲಿ ದೋಣಿ ಬೇಕೆಂದರೆ ಗಂಟೆಗೆ ನಾಲ್ಕು, ಬೇಡವೆಂದರೆ ದಡದಲ್ಲಿ ಕೂತು ನೋಡುವುದು ಬಿಟ್ಟಿ. ವ್ಯಾಸರಾಜ ಇದನ್ನೆಲ್ಲ ಊಟದ ಹೊತ್ತಿನಲ್ಲಿ ಬಾಯಲ್ಲೇ ಎರಡು ಸಲ ಕೂಡಿ, ಮಾರನೆಯ ದಿನ ಫೋನು ಮಾಡಿ ಅಡುಗೆಮನೆ ಇರುವ ಕ್ಯಾಬಿನ್ನನ್ನೇ ಗೊತ್ತುಮಾಡಿದ. ಯಾಕೆಂದು ಹೆಂಡತಿ ಕೇಳಿದ್ದಕ್ಕೆ "ಇರಲಿ, ಯಾವುದಕ್ಕೂ" ಎಂದ. ಹೆಚ್ಚಿಗೆ ಕೊಟ್ಟ ಆ ನಲವತ್ತು ಡಾಲರು ತನ್ನ ಮಾತಿನ ಮೇಲೆ ಗಂಡ ಇಟ್ಟ ಅಪನಂಬಿಕೆಯ ಬೆಲೆ ಎಂದು ಜಲಜಾಗೆ ಅರ್ಥವಾಯಿತು.

ಅವಳು ಕೊಟ್ಟಿದ್ದ ಮಾತು ಇಷ್ಟೇ. ಒಂದು ವಾರ ಒಲೆ ಹಚ್ಚುವುದಿಲ್ಲ.

ಮಾತು ಚಿಕ್ಕದು, ಹಿನ್ನೆಲೆ ದೊಡ್ಡದು. ಮೈಸೂರಿನಿಂದ ಮದುವೆಯಾಗಿ ಅಮೆರಿಕಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಗಂಡನಿಗೆ ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಯಲ್ಲಿ ಕೆಲಸ, ಬಾಯಲ್ಲಿ 'ಊಟಕ್ಕೆ ಬನ್ನಿ' ಎನ್ನುವ ಚಟ. ಏರ್‌ಪೋರ್ಟಿನಲ್ಲಿ ಇಳಿದ ಕನ್ನಡದ ಹುಡುಗರು ಸೂಟ್‌ಕೇಸು ಸಮೇತ ಮೊದಲು ಇವರ ಅಪಾರ್ಟ್‌ಮೆಂಟಿಗೇ ಬರುತ್ತಿದ್ದರು. ಸ್ಯಾನ್ ಮಟಿಯೋದಲ್ಲಿ ಯಾರಿಗೋ ಹೆರಿಗೆಯಾದರೆ ಮೆಂತ್ಯದ ಲೇಹ್ಯ ಹೋಗುವುದು ಇಲ್ಲಿಂದ. ಮೆನ್ಲೋ ಪಾರ್ಕಿನಲ್ಲಿ ಯಾರದೋ ಅತ್ತೆಗೆ ಬಾಯಿ ರುಚಿ ಕೆಟ್ಟರೆ ಸಾರಿನ ಪುಡಿ ಹೋಗುವುದೂ ಇಲ್ಲಿಂದಲೇ. ಏಕಾದಶಿಯ ದಿನ ದೊಡ್ಡವರ ಹೊಟ್ಟೆಗೆ ರಜೆ ಸಿಗುತ್ತಿತ್ತೇ ಹೊರತು ಒಲೆಗೆ ಸಿಗುತ್ತಿರಲಿಲ್ಲ, ಮಗುವಿನ ಹಸಿವಿಗೆ ಪಂಚಾಂಗ ತಿಳಿಯದು. ಆ ವರ್ಷದ ಯುಗಾದಿಗೆ ಕನ್ನಡ ಕೂಟದವರ ಇನ್ನೂರು ಜನಕ್ಕೆ ಚಿತ್ರಾನ್ನ, ಪಾಯಸ ಮಾಡಿ, ಕೊನೆಯ ಕೊಳದಪ್ಪಲೆ ಉಜ್ಜುತ್ತ ನಿಂತಾಗ ಜಲಜಾಳ ಬಲಗೈ ಇದ್ದಕ್ಕಿದ್ದಂತೆ ನಿಂತುಹೋಯಿತು. ನೋವೇನಿಲ್ಲ, ಸುಮ್ಮನೆ ನಿಂತಿತು, ಮುನಿಸಿಕೊಂಡ ಎತ್ತಿನ ಹಾಗೆ. ಅವತ್ತೇ ಅವಳು ಘೋಷಿಸಿದಳು: ಬೇಸಿಗೆಯಲ್ಲಿ ಒಂದು ವಾರ ನನಗೆ ರಜೆ. ಒಲೆ ಹಚ್ಚಲ್ಲ. 'ತಿನ್ನೋಕೆ ಏನಿದೆ' ಅಂತ ಯಾರೂ ನನ್ನನ್ನು ಕೇಳಕೂಡದು.

ಮನೆಯಲ್ಲಿದ್ದರೆ ಇದು ಆಗದ ಮಾತು, ಯಾರಾದರೂ ಬಾಗಿಲು ತಟ್ಟುತ್ತಾರೆ. ಹಾಗಾಗಿ ಬೆಟ್ಟ.

ಪಕ್ಕದ ಅಪಾರ್ಟ್‌ಮೆಂಟಿನ ಶರಣವ್ವನಿಗೆ ಈ ಸುದ್ದಿ ಕೇಳಿ ನಗು ತಡೆಯಲಾಗಲಿಲ್ಲ. ಬಾಗಲಕೋಟೆಯ ಕಡೆಯ ಹಿರಿಯ ಹೆಂಗಸು, ಮಗ ಸಂಗನಬಸಪ್ಪನ ಜೊತೆ ಇದ್ದಳು. ಅಮೆರಿಕಕ್ಕೆ ಬಂದು ಆರು ವರ್ಷವಾದರೂ ಇಲ್ಲಿಯ ಯಾವುದನ್ನೂ ಪೂರ್ತಿ ನಂಬಿರಲಿಲ್ಲ, ಅದರಲ್ಲೂ ರಜೆಯನ್ನು.

"ನಿನ್ನ ಕೈ ನಿನ್ನ ಸುಮ್ಮ ಕುಂದರಾಕ ಬಿಡೂದಿಲ್ಲ ತಂಗಿ," ಎಂದಳು. "ಮೂರ ದಿನಕ್ಕ ಕಡ್ಡಿ ಗೀರ್ತಿ ನೋಡ."

"ಗೀರದೇ ಇದ್ರೆ ಏನ್ ಕೊಡ್ತೀರಾ ಶರಣವ್ವನೋರೆ?"

"ಗೀರದಿದ್ದರ ಒಂದ್ ತಿಂಗಳ ಐತವಾರಕ್ಕೊಮ್ಮೆ ನಿಮ್ಮನಿ ಮಂದಿಗೆಲ್ಲ ನಾ ರೊಟ್ಟಿ ಬಡೀತೀನಿ. ಗೀರಿದರ ನೀ ನಮಗ ಹೋಳಿಗಿ ಮಾಡಿ ಹಾಕಬೇಕು."

ಜಲಜಾ ಒಪ್ಪಿದಳು. ತಿಂಗಳಿಡೀ ಭಾನುವಾರ ಬೇರೆಯವರು ಮಾಡಿ ಹಾಕಿದ್ದನ್ನು ಕೂತು ತಿನ್ನುವ ಚಿತ್ರ ಅವಳ ಕಣ್ಣ ಮುಂದೆ ಬಂದು, ಹೋಗಲೊಲ್ಲದೆ ನಿಂತುಬಿಟ್ಟಿತು.

ಇನ್ನು ಸಿದ್ಧತೆ. ಬೆಟ್ಟದ ಮೇಲೆ ಇವರು ತಿನ್ನುವಂಥದು ಸಿಗುವುದಿಲ್ಲ, ಒಲೆ ಹಚ್ಚುವಂತಿಲ್ಲ. ಆದ್ದರಿಂದ ಎಲ್ಲವನ್ನೂ ಮಾಡಿಯೇ ಒಯ್ಯಬೇಕು. ಚಕ್ಕುಲಿ, ಕೋಡುಬಳೆ, ರವೆ ಉಂಡೆ, ಕೊಬ್ಬರಿ ಮಿಠಾಯಿ, ಹುರಿಹಿಟ್ಟು, ಚಟ್ನಿಪುಡಿ, ಗೊಜ್ಜವಲಕ್ಕಿಗೆ ತರಿ ಮಾಡಿದ ಅವಲಕ್ಕಿ, ಎಣ್ಣೆ ಹಾಕಿ ಕಲಸಿದ ಚಪಾತಿ, ಪುಳಿಯೋಗರೆ ಗೊಜ್ಜು. ಒಂದು ವಾರ ಅಡುಗೆ ಮಾಡದೆ ಇರುವುದಕ್ಕಾಗಿ ಜಲಜಾ ಹತ್ತಿರ ಹತ್ತಿರ ಎರಡು ವಾರ ಹಗಲೂ ಸಂಜೆಯೂ ಅಡುಗೆ ಮಾಡಿದಳು. ಕೊನೆಯ ಡಬ್ಬಿಯ ಮುಚ್ಚಳ ಒತ್ತುವಾಗ ಇದರಲ್ಲಿ ಏನೋ ತಪ್ಪಿದೆ ಎಂದು ಅನ್ನಿಸಿತು. ಯೋಚಿಸಿ ನೋಡುವಷ್ಟು ಬಿಡುವಿರಲಿಲ್ಲ.

ಜುಲೈ ತಿಂಗಳ ಒಂದು ಶನಿವಾರ ಹೊರಟರು. ಕಾರಿನ ಹಿಂದಿನ ಸೀಟಿನಲ್ಲಿ ಹತ್ತು ವರ್ಷದ ಮೈಥಿಲಿ ಡಬ್ಬಿಗಳ ನಡುವೆ ಇನ್ನೊಂದು ಡಬ್ಬಿಯಾಗಿ ಕೂತಳು. ಫ್ರೀವೇ ಮುಗಿದು, ಬಾದಾಮಿ ತೋಟಗಳ ಬಿಸಿಲು ಕಾದ ಬಯಲು ದಾಟಿ, ಸೊನೋರಾದ ಮೇಲೆ ದಾರಿ ಸುತ್ತಿ ಸುತ್ತಿ ಏರಿತು. ಕಿಟಕಿಯಿಂದ ಪೈನ್ ಮರಗಳ ತಂಪು ಒಳಗೆ ಬಂತು. ಚಕ್ಕುಲಿಯ ಇಂಗಿನ ವಾಸನೆಗೆ ಸೋತು ಹಾಗೇ ಹೊರಗೆ ಹೋಯಿತು.

ಲಾಡ್ಜು ಎಂದರೆ ಒಂದು ಸಣ್ಣ ಸರೋವರದ ಸುತ್ತ ಚೆಲ್ಲಿದ್ದ ಹತ್ತು ಹನ್ನೆರಡು ಮರದ ಕ್ಯಾಬಿನ್ನುಗಳು. ಟೀವಿ ಇಲ್ಲ, ಫೋನಿಲ್ಲ. ಮುದುಕ ಯಜಮಾನನ ಆಫೀಸಿನಲ್ಲಿ ದಿನವಿಡೀ ಕಾಯುತ್ತಿದ್ದ ಒಂದು ದೊಡ್ಡ ಪಾತ್ರೆ ಕಾಫಿ ಮಾತ್ರ ಎಲ್ಲರಿಗೂ ಬಿಟ್ಟಿ. ವ್ಯಾಸರಾಜ ಅದನ್ನು ಒಂದು ಗುಟುಕು ಕುಡಿದು, ಪಾತ್ರೆ ತೊಳೆದ ನೀರನ್ನೂ ಈ ದೇಶದವರು ದಂಡ ಮಾಡುವುದಿಲ್ಲ ಎಂದ. ಜಲಜಾ ಕೇಳಿಸಿಕೊಳ್ಳಲಿಲ್ಲ. ಅವಳು ಕ್ಯಾಬಿನ್ನಿನ ಗ್ಯಾಸ್ ಒಲೆಯ ಮೇಲೆ ದೊಡ್ಡ ಟವೆಲ್ಲೊಂದನ್ನು ಹೊದಿಸುತ್ತಿದ್ದಳು, ರಾತ್ರಿಯಾಯಿತೆಂದು ಗಿಳಿಯ ಪಂಜರಕ್ಕೆ ಬಟ್ಟೆ ಹೊದಿಸುವಂತೆ. ಆಮೇಲೆ ಜಗಲಿಗೆ ಬಂದು ಕುರ್ಚಿಯಲ್ಲಿ ಕೂತು ಸರೋವರ ನೋಡಿದಳು. ಚೆನ್ನಾಗಿತ್ತು. ಸ್ವಲ್ಪ ಹೊತ್ತಿಗೆ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಮಡಿಲಲ್ಲಿಟ್ಟಳು, ಕುರ್ಚಿಯ ಕೈಮೇಲಿಟ್ಟಳು, ಕೊನೆಗೆ ಸೆರಗಿನ ತುದಿಯನ್ನು ಹೂರಣ ತುಂಬುವವಳಂತೆ ಮಡಿಸುತ್ತ ಕೂತಳು.

ಆಗ ಪಕ್ಕದ ಕ್ಯಾಬಿನ್ನಿನಿಂದ ಅರವತ್ತರ ಆಸುಪಾಸಿನ ದಪ್ಪನೆಯ ಹೆಂಗಸೊಬ್ಬಳು ಬಂದಳು. ಹೆಸರು ಡಾರ್ಲೀನ್, ಊರು ಮೊಡೆಸ್ಟೊ. ಗಂಡ ರಾಯ್ ಮೀನು ಹಿಡಿಯಲು ಹೋಗಿದ್ದಾನೆ, ಮೊಮ್ಮಗಳು ನಿಮ್ಮ ಮಗಳ ವಯಸ್ಸಿನವಳೇ, ನಾವು ಪ್ರತಿ ಬೇಸಿಗೆ ಬರುತ್ತೇವೆ, ಹೊಸಬರಿಗೆ ಸ್ವಾಗತ ಎಂದು ಒಂದೇ ಉಸಿರಿನಲ್ಲಿ ಹೇಳಿ, ಅಂಚು ಎತ್ತರಿಸಿದ ನೀಲಿ ಎನಾಮಲ್ ತಟ್ಟೆಯೊಂದನ್ನು ಜಲಜಾಳ ಕೈಗಿತ್ತು ಹೋದಳು. ತಟ್ಟೆಯಲ್ಲಿ ಮನೆಯಿಂದ ಮಾಡಿ ತಂದಿದ್ದ ಬೆರ್ರಿ ಹಣ್ಣಿನ ಹೂರಣ ತುಂಬಿದ ಪೈ.

ಪೈಗೆ ಮೊಟ್ಟೆ ಹಾಕುತ್ತಾರೋ ಇಲ್ಲವೋ ಎಂಬ ಚರ್ಚೆ ನಡೆಯಿತು. ಹಾಕುವುದಿಲ್ಲ ಎಂದು ವ್ಯಾಸರಾಜ ಅಧಿಕಾರವಾಣಿಯಿಂದ ಹೇಳಿದ, ಜನ್ಮದಲ್ಲಿ ಪೈ ಮಾಡದವನ ಧೈರ್ಯದಿಂದ. ಅಷ್ಟರಲ್ಲಿ ಮೈಥಿಲಿ ಅರ್ಧ ಮುಗಿಸಿದ್ದಳು. ಉಳಿದದ್ದಕ್ಕೆ ಹೆಚ್ಚು ವಿಚಾರಣೆಯಾಗಲಿಲ್ಲ. ಜಲಜಾ ತಟ್ಟೆ ತೊಳೆದು ಬೋರಲು ಹಾಕಿದಳು. ಅದನ್ನು ನೋಡುತ್ತ ನಿಂತಳು.

ಪಕ್ಕದ ಮನೆಯಿಂದ ಬಂದ ಪಾತ್ರೆ ಖಾಲಿ ಹಿಂದಕ್ಕೆ ಹೋಗಬಾರದು. ಇದನ್ನು ಅವಳಿಗೆ ಯಾರೂ ಕೂರಿಸಿ ಕಲಿಸಿರಲಿಲ್ಲ, ನಡೆಯಲು ಕಲಿತ ಹಾಗೆ ಕಲಿತಿದ್ದಳು. ಮೈಸೂರಿನಲ್ಲಿ ಅವಳ ಅಜ್ಜಿ ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯನ್ನಾದರೂ, ಅದೂ ಇಲ್ಲದಿದ್ದರೆ ಎರಡು ವೀಳ್ಯದೆಲೆಯನ್ನಾದರೂ ಹಾಕಿ ಕೊಡುತ್ತಿದ್ದರು. ಖಾಲಿ ಪಾತ್ರೆ ಕೊಟ್ಟರೆ, ನಿಮ್ಮ ನಮ್ಮ ಋಣ ಇಲ್ಲಿಗೆ ಮುಗಿಯಿತು ಎಂದು ಮುಖಕ್ಕೆ ಹೇಳಿದ ಹಾಗೆ. ಅದೇನೂ ಕಷ್ಟವಿಲ್ಲ ಎಂದುಕೊಂಡಳು ಜಲಜಾ, ಡಬ್ಬಿ ತುಂಬ ಇದೆ. ಭಾನುವಾರ ಬೆಳಿಗ್ಗೆ ತಟ್ಟೆಯ ತುಂಬ ಚಕ್ಕುಲಿ, ಕೋಡುಬಳೆ ಪೇರಿಸಿ ಕೊಟ್ಟುಬಂದಳು. ಒಲೆಯ ಮೇಲಿನ ಟವೆಲ್ಲು ಮಿಸುಕಲಿಲ್ಲ. ಎಲ್ಲ ಲೆಕ್ಕ ಚುಕ್ತಾ ಆಯಿತೆಂದು ಅವಳು ಭಾವಿಸಿದಳು.

ಆ ಚಕ್ಕುಲಿಯನ್ನು ರಾಯ್ ಸರೋವರಕ್ಕೆ ಒಯ್ದು ತನ್ನ ಜೊತೆಯ ಮೀನುಗಾರರಿಗೆ ಹಂಚಿದ. ಅವರು ಬಿಯರಿನ ಜೊತೆ ಅದನ್ನು ತಿಂದು, ಇಂಥದನ್ನು ಹುಟ್ಟಿದ ಮೇಲೆ ತಿಂದಿಲ್ಲ ಎಂದರಂತೆ. ಸಂಜೆ ಡಾರ್ಲೀನ್ ಅದೇ ನೀಲಿ ತಟ್ಟೆಯಲ್ಲಿ ಜೋಳದ ಹಿಟ್ಟಿನ ಬ್ರೆಡ್ಡು ತಂದಳು, ಇನ್ನೂ ಬಿಸಿಯಿತ್ತು. ಸೋಮವಾರ ತಟ್ಟೆ ರವೆ ಉಂಡೆ, ಕೊಬ್ಬರಿ ಮಿಠಾಯಿ ಹೊತ್ತು ಹೋಯಿತು. ಇನ್ನು ಬರುವುದಿಲ್ಲವೆಂದು ಜಲಜಾ ಕುರ್ಚಿಯಲ್ಲಿ ಕೂತಳು. ಕಣ್ಣು ಮಾತ್ರ ಸರೋವರದ ಕಡೆ ಹೋಗದೆ ಪಕ್ಕದ ಕ್ಯಾಬಿನ್ನಿನ ಬಾಗಿಲ ಕಡೆಗೇ ಹೋಗುತ್ತಿತ್ತು. ಮೈಸೂರಿನಲ್ಲಾಗಿದ್ದರೆ ಇಂಥ ಪಾತ್ರೆ ಎರಡು ಓಡಾಟಕ್ಕೆ ತಾನಾಗಿ ನಿಲ್ಲುತ್ತದೆ. ಎರಡೂ ಕಡೆಯವರಿಗೆ ಎಲ್ಲಿ ನಿಲ್ಲಿಸಬೇಕೆಂಬ ಹದ ಗೊತ್ತಿರುತ್ತದೆ. ಈಕೆಗೆ ಆ ಹದ ಗೊತ್ತಿದ್ದಂತೆ ಕಾಣಲಿಲ್ಲ.

ಸೋಮವಾರ ಸಂಜೆ ಬಾಗಿಲು ತೆಗೆದವನು ವ್ಯಾಸರಾಜ. ಬಹಳ ಹೊತ್ತು ಒಳಗೆ ಬರದಿದ್ದುದನ್ನು ಕಂಡು ಜಲಜಾ ಹೋಗಿ ನೋಡಿದಳು. ಅವನು ಹೊಸ್ತಿಲ ಮೇಲೆ ನೀಲಿ ತಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಮುಖವನ್ನು ಅತ್ತ ತಿರುಗಿಸಿ ನಿಂತಿದ್ದ. ತಟ್ಟೆಯಲ್ಲಿ ಚೆನ್ನಾಗಿ ತೊಳೆದ ಎರಡು ಟ್ರೌಟ್ ಮೀನು, ಮೇಲೊಂದು ನಿಂಬೆಹಣ್ಣಿನ ಹೋಳು.

"ರೀ, ಬೇಡ ಅನ್ನಬಾರದಾಗಿತ್ತಾ?"

"ಥ್ಯಾಂಕ್ಯೂ ಅಂದ್ಬಿಟ್ಟೆ ಕಣೆ."

ಹನ್ನೊಂದು ವರ್ಷದಲ್ಲಿ ಈ ದೇಶ ಅವನಿಗೆ ಸರಿಯಾಗಿ ಕಲಿಸಿದ್ದು ಅದೊಂದೇ ಮಾತು, ಅದು ಬೇಡದ ಹೊತ್ತಿನಲ್ಲೇ ಬಾಯಿಂದ ಬಿದ್ದಿತ್ತು. ಜಲಜಾ ಮೀನನ್ನು ಕಾಗದದಲ್ಲಿ ಸುತ್ತಿಸಿ ಲಾಡ್ಜಿನ ಯಜಮಾನನಿಗೆ ಕೊಡಿಸಿದಳು. ತಟ್ಟೆಯನ್ನು ಮೂರು ಸಲ ಉಜ್ಜಿದಳು. ಅವಳ ಅಜ್ಜಿ ಇದ್ದಿದ್ದರೆ ತಟ್ಟೆಯನ್ನಲ್ಲ, ಮೊಮ್ಮಗಳನ್ನೇ ಮೂರು ಸಲ ಮುಳುಗಿಸುತ್ತಿದ್ದರು.

ಮಂಗಳವಾರ ಬೆಳಿಗ್ಗೆ ಡಬ್ಬಿಗಳನ್ನು ತೆರೆದು ನೋಡಿದಳು. ಚಕ್ಕುಲಿ ಡಬ್ಬಿಯಲ್ಲಿ ಪುಡಿ. ಕೋಡುಬಳೆಯದು ಖಾಲಿ. ಉಂಡೆಗಳಲ್ಲಿ ಉಳಿದವನ್ನು ಮೈಥಿಲಿ, ಡಾರ್ಲೀನಳ ಮೊಮ್ಮಗಳು ಸೇರಿ ದೋಣಿಯಲ್ಲಿ ಮುಗಿಸಿದ್ದರು. ಎರಡು ವಾರದ ದುಡಿಮೆಯನ್ನು ಆ ತಟ್ಟೆ ಮೂರು ದಿನದಲ್ಲಿ ನುಂಗಿತ್ತು. ಉಳಿದದ್ದು ಹುರಿಹಿಟ್ಟು, ಚಟ್ನಿಪುಡಿ. ಅವು ಇನ್ನೊಬ್ಬರ ಮನೆಗೆ ಕೊಡುವಂಥವಲ್ಲ. ಒಂದು ಚಿಟಿಕೆ ಸಕ್ಕರೆ ಹಾಕಿ ಕೊಟ್ಟುಬಿಡು ಎಂದ ವ್ಯಾಸರಾಜ. 'ನಿಮ್ಮ ಮೀನಿಗೆ ಸಕ್ಕರೆ ಕಡಿಮೆಯಾಗಿತ್ತು' ಅಂತ ನಾವಂದ ಹಾಗೆ ತಿಳ್ಕೊಳ್ತಾಳೆ ಎಂದಳು ಜಲಜಾ.

ಆಮೇಲೆ ಕಾರಿನ ಹಿಂಬದಿಗೆ ಹೋಗಿ ಕಂಬಳಿಯೊಂದನ್ನು ಬಿಚ್ಚಿದಳು. ಅದರೊಳಗೆ ಪ್ರೆಶರ್ ಕುಕ್ಕರು ಇತ್ತು. ಕುಕ್ಕರಿನೊಳಗೆ ರವೆ, ಸಕ್ಕರೆ, ತುಪ್ಪದ ಶೀಶೆ, ಏಲಕ್ಕಿ, ಗೋಡಂಬಿ, ಒಂದೊಂದು ಪೊಟ್ಟಣ ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ ಎಲ್ಲ ಒಪ್ಪವಾಗಿ ಕೂತಿದ್ದವು. ಹೊರಡುವ ದಿನ ಬೆಳಿಗ್ಗೆ ಯಾರೂ ನೋಡದಾಗ ಅವಳೇ ಸುತ್ತಿಟ್ಟಿದ್ದಳು, ಯಾವುದಕ್ಕೂ ಇರಲಿ ಎಂದು. ಗಂಡನ ನಲವತ್ತು ಡಾಲರಿನ ಅಪನಂಬಿಕೆಯನ್ನು ಊರೆಲ್ಲ ಆಡಿಕೊಂಡವಳು ತನ್ನ ಅಪನಂಬಿಕೆಯನ್ನು ಕಂಬಳಿಯಲ್ಲಿ ಸುತ್ತಿ ಬೆಟ್ಟ ಹತ್ತಿಸಿದ್ದಳು. ವ್ಯಾಸರಾಜ ಕುಕ್ಕರನ್ನೂ ಹೆಂಡತಿಯ ಮುಖವನ್ನೂ ನೋಡಿದ. ಬುದ್ಧಿವಂತ, ಹೋಗಿ ಬೆಂಕಿಪೊಟ್ಟಣ ತಂದುಕೊಟ್ಟ.

ಟವೆಲ್ಲು ಎದ್ದಿತು. ಶರಣವ್ವ ಹೇಳಿದ ಹಾಗೆಯೇ ಕಡ್ಡಿ ಗೀರಿತು. ಕೇಸರಿಭಾತಿನ ತುಪ್ಪದ ಘಮ ಪೈನ್ ಮರಗಳವರೆಗೂ ಹೋಯಿತು. ತಟ್ಟೆ ತುಂಬಿಸುವಾಗ ವ್ಯಾಸರಾಜ ಬಾಗಿಲಲ್ಲಿ ನಿಂತು ಕೆಮ್ಮಿದ.

"ಹೇಗೂ ಹಚ್ಚಿದ್ದಾಯ್ತಲ್ಲ, ಒಂದು ತಿಳಿಸಾರು..."

ಸಾರಾಯಿತು. ಸಾರಿಗೆ ಅನ್ನವಾಯಿತು. ಬುಧವಾರ ಬೆಳಿಗ್ಗೆ ಉಳಿದ ರವೆ ಯಾಕೆ ದಂಡ ಎಂದು ಉಪ್ಪಿಟ್ಟಾಯಿತು. ಆಣೆ ಮುರಿದ ಕುಡುಕ ಮೊದಲ ಲೋಟದಲ್ಲಿ ನಿಲ್ಲುವುದಿಲ್ಲ. ಜಲಜಾ ಉಪ್ಪಿಟ್ಟು ಕೆದಕುತ್ತ, ಕಿಟಕಿಯಾಚೆ ಸರೋವರದ ಮೇಲೆ ಬೆಳಕು ಏರುವುದನ್ನು ಬೆನ್ನಿನಿಂದ ನೋಡಿದಳು.

ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಡಾರ್ಲೀನ್ ಮತ್ತೆ ಬಂದಳು. ಮೀನಿನ ಸಂಗತಿ ಯಜಮಾನನಿಂದ ಅವಳಿಗೆ ತಿಳಿದುಹೋಗಿತ್ತು. ಅವಳ ಮುಖ ಕೆಂಪಾಗಿತ್ತು. ಗೊತ್ತಿಲ್ಲದೆ ಮಾಡಿದೆ, ಮನಸ್ಸಿಗೆ ತಗೊಬೇಡ, ಇದರಲ್ಲಿ ಜೀವ ಇರುವಂಥದು ಏನೂ ಇಲ್ಲ, ಮೊಟ್ಟೆಯೂ ಇಲ್ಲ ಎಂದು ಆಣೆ ಮಾಡುವಂತೆ ಹೇಳಿ, ಪೀಚ್ ಹಣ್ಣಿನ ದೊಡ್ಡ ಸಿಹಿ ತುಂಬಿದ ನೀಲಿ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಕೆಂಡದ ಮೇಲೆ ಕಬ್ಬಿಣದ ಪಾತ್ರೆ ಇಟ್ಟು ಮಾಡಿದ್ದಂತೆ. ಅವಳ ಮಣಿಕಟ್ಟಿನ ಮೇಲೆ ಹೊಸ ಸುಟ್ಟಗಾಯವಿತ್ತು. ಮೊಟ್ಟೆಯಿಲ್ಲ ಎಂದು ಈಗ ಒತ್ತಿ ಹೇಳಿದ್ದರಿಂದ, ಹಿಂದಿನವುಗಳಲ್ಲಿ ಇತ್ತು ಎಂಬುದೂ ಗೊತ್ತಾಯಿತು. ವ್ಯಾಸರಾಜ ಅಧಿಕಾರವಾಣಿಯನ್ನು ಒಳಗಿಟ್ಟುಕೊಂಡು ಹೊರಗೆ ಅಡ್ಡಾಡಲು ಹೋದ.

ಸುಟ್ಟುಕೊಂಡು ಮಾಡಿದವಳಿಗೆ ಸಾಧಾರಣದ್ದು ಕೊಡಲಾದೀತೆ? ಬಿಸಿಬೇಳೆ ಭಾತೇ ಆಗಬೇಕು. ಜಲಜಾ ಬೇಳೆ ತೊಳೆದು ನೆನೆಹಾಕಿ, ಅಡುಗೆಯ ನಡುವೆ ಆಗೀಗ ಅಳು ಬರುವಂತಾಗುತ್ತಿದೆಯಲ್ಲ, ಈರುಳ್ಳಿಯನ್ನೇ ಹೆಚ್ಚುತ್ತಿಲ್ಲವಲ್ಲ ಎಂದುಕೊಳ್ಳುತ್ತಿದ್ದಾಗ, ಮೈಥಿಲಿ ಒದ್ದೆ ಕೂದಲಲ್ಲಿ ಒಳಗೆ ಬಂದಳು.

"ಅಮ್ಮಾ, ಡಾರ್ಲೀನ್ ಸೆಡ್ ಎ ಬ್ಯಾಡ್ ವರ್ಡ್."

"ಯಾರಿಗೆ ಅಂದ್ರು?"

"ಟು ದ ಪ್ಲೇಟ್."

ಜಲಜಾ ಬಿಡಿಸಿ ಬಿಡಿಸಿ ಕೇಳಿದಳು. ಡಾರ್ಲೀನಳ ಮೊಮ್ಮಗಳ ಜೊತೆ ಅವರ ಕ್ಯಾಬಿನ್ನಿನಲ್ಲೇ ಆಡುತ್ತಿದ್ದ ಹುಡುಗಿ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ನಿನ್ನೆ ಕೇಸರಿಭಾತು ಬಂದಾಗ ಡಾರ್ಲೀನ್ ಬಾಗಿಲು ಹಾಕಿಕೊಂಡು ತಟ್ಟೆಯನ್ನೇ ನೋಡಿ ಕೆಟ್ಟ ಮಾತು ಆಡಿದಳು. "ಆ ಹೆಂಗಸು ಮತ್ತೆ ತುಂಬಿಸಿ ಕಳಿಸಿದಳಲ್ಲ" ಎಂದು ಗಂಡನೊಡನೆ ಗೋಳಾಡಿದಳು. ಆಮೇಲೆ ಮಾತ್ರ ಕೇಸರಿಭಾತನ್ನು ಚೊಕ್ಕವಾಗಿ ತಿಂದಳು. ಆಕೆ ಮೊಡೆಸ್ಟೊದಲ್ಲಿ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ, ವರ್ಷವಿಡೀ ದಿನಕ್ಕೆ ನಾನೂರು ಮಕ್ಕಳಿಗೆ ಬೇಯಿಸುತ್ತಾಳೆ. ಬೆಟ್ಟಕ್ಕೆ ಬಂದರೆ ಇಸ್ಪೀಟು ಆಡುವುದು ಬಿಟ್ಟು ಬೇರೆ ಏನೂ ಮಾಡುವುದಿಲ್ಲವಂತೆ, ಗಂಡ ಹಿಡಿದ ಮೀನನ್ನು ಗಂಡನೇ ಬೇಯಿಸಬೇಕಂತೆ. ಈ ವರ್ಷ ಮಾತ್ರ ಇಸ್ಪೀಟಿನ ಕಟ್ಟು ಇನ್ನೂ ಬಿಚ್ಚಿಲ್ಲ.

ಜಲಜಾ ಕೈ ಒರೆಸಿಕೊಂಡು ಕೂತಳು. ಮೊದಲು ಅವಮಾನವಾಯಿತು, ತನ್ನ ಕೇಸರಿಭಾತಿಗೆ ಬೈಗುಳ ಸಿಕ್ಕಿದ್ದು ಅದೇ ಮೊದಲು. ಆಮೇಲೆ ನಗು ಬಂತು, ಹೊಟ್ಟೆ ಹಿಡಿದುಕೊಳ್ಳುವಷ್ಟು. ನಕ್ಕು ಮುಗಿದ ಮೇಲೆ ಕುಕ್ಕರಿನ ಮುಚ್ಚಳ ಎತ್ತಿ ನೆನೆದ ಬೇಳೆಯನ್ನು ನೋಡಿದಳು. ಮಾಡಬೇಕಾದದ್ದು ಏನೆಂದು ಸ್ಪಷ್ಟವಾಗಿತ್ತು. ಅದು ಇನ್ನೂರು ಜನಕ್ಕೆ ಪಾಯಸ ಮಾಡುವುದಕ್ಕಿಂತ ಕಷ್ಟದ್ದು.

ಪೀಚಿನ ಸಿಹಿಯನ್ನು ಬೇರೆ ಪಾತ್ರೆಗೆ ಸುರಿದು ತಟ್ಟೆ ತೊಳೆದಳು. ಒರೆಸಿದಳು. ಮತ್ತೊಮ್ಮೆ ಒರೆಸಿದಳು. ಹೊರಗಿಂದ ಬಂದ ವ್ಯಾಸರಾಜ ಗಾಬರಿಯಿಂದ ನೋಡಿದ.

"ಏನೂ ಹಾಕಲ್ವಾ? ಹಾಗೇ ಖಾಲೀನಾ?"

"ಖಾಲಿ."

"ನಮ್ಮಮ್ಮ ಇದ್ದಿದ್ರೆ ಏನನ್ನೋರು ಜಲಜಾ?"

"ಅವರಿದ್ದಿದ್ರೆ ಒಲೆ ಅವರೇ ಹಚ್ಚೋರು ರೀ. ನಾನು ಆರಾಮಾಗಿ ಕುರ್ಚೀಲಿ ಕೂತಿರ್ತಿದ್ದೆ."

ಸೀರೆಯನ್ನು ಸ್ವಲ್ಪ ಎತ್ತಿ ಕಟ್ಟಿ, ಕ್ಯಾನ್ವಾಸ್ ಶೂ ಹಾಕಿಕೊಂಡು ಹೊರಟಳು. ಎರಡು ಕ್ಯಾಬಿನ್ನುಗಳ ನಡುವಿನ ದಾರಿ ಕೂಗಳತೆಯೂ ಇರಲಿಲ್ಲ. ತಟ್ಟೆ ಹಗುರವಾಗಿದ್ದುದರಿಂದಲೇ ಕೈ ಸೋತಿತು. ಅರ್ಧ ದಾರಿಯಲ್ಲಿ ತಾನು ಬಗ್ಗಿ ಒಂದು ಪೈನ್ ಕಾಯಿಯನ್ನು ತಟ್ಟೆಗೆ ಹಾಕಿದ್ದು ಅವಳಿಗೇ ತಿಳಿಯಲಿಲ್ಲ. ತಿಳಿದಾಗ ಎಸೆದಳು. ಇನ್ನೆರಡು ಹೆಜ್ಜೆಗೆ ಒಂದು ಹಳದಿ ಕಾಡುಹೂವು ಕೈಗೆ ಬಂದಿತ್ತು. ಅದನ್ನೂ ಎಸೆದು, ಕಣ್ಣು ನೆಟ್ಟಗಿಟ್ಟುಕೊಂಡು ನಡೆದಳು.

ಡಾರ್ಲೀನ್ ಮೆಟ್ಟಿಲ ಮೇಲೆ ನಿಂತಿದ್ದಳು. ನೀಲಿ ತಟ್ಟೆ ತನ್ನ ಕಡೆ ಬರುತ್ತಿರುವುದನ್ನು ಕಂಡು ಅವಳ ಮುಖ ಬಾಡಿತು. ತುಟಿ ಮಾತ್ರ ಮರ್ಯಾದೆಗೆ ನಕ್ಕಿತು. ಜಲಜಾ ಹತ್ತಿರ ಹೋಗಿ ತಟ್ಟೆಯನ್ನು ತಲೆಕೆಳಗಾಗಿ ಹಿಡಿದಳು. ಏನೂ ಬೀಳಲಿಲ್ಲ.

ಡಾರ್ಲೀನ್ ಬಗ್ಗಿ ನೆಲ ನೋಡಿದಳು. ತಟ್ಟೆ ನೋಡಿದಳು.

"ಏನೂ ಇಲ್ಲವಾ?"

"ಏನೂ ಇಲ್ಲ," ಎಂದಳು ಜಲಜಾ. "ನನಗೂ ಸಾಕಾಗಿದೆ."

"ದೇವರು ನಿನ್ನನ್ನ ಚೆನ್ನಾಗಿಟ್ಟಿರಲಿ ಮಗಳೇ," ಎಂದು ಆ ಹೆಂಗಸು ಮೆಟ್ಟಿಲ ಮೇಲೆ ಕುಸಿದು ಕೂತಳು.

ಜಲಜಾ ಪಕ್ಕದಲ್ಲಿ ಕೂತಳು. ಖಾಲಿ ಪಾತ್ರೆಯ ವಿಷಯವನ್ನು ತನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದಳು. ಡಾರ್ಲೀನ್ ತನ್ನ ತಾಯಿಯ ಮಾತು ಹೇಳಿದಳು: ನೆರೆಯವರ ಉಪಕಾರವನ್ನು ತೀರಿಸದೆ ಭಾನುವಾರ ಚರ್ಚಿಗೆ ಕಾಲಿಡಬೇಡ. ಆ ತಾಯಿಗೆ ಜಲಜಾಳ ಅಜ್ಜಿ ನೆರೆಯವಳಾಗಿದ್ದಿದ್ದರೆ ಇಬ್ಬರೂ ಒಲೆಯ ಮುಂದೆಯೇ ಪ್ರಾಣ ಬಿಡುತ್ತಿದ್ದರು ಎಂದು ಇಬ್ಬರೂ ಒಪ್ಪಿದರು. ಸುಟ್ಟ ಮಣಿಕಟ್ಟಿಗೆ ಜಲಜಾ ತುಪ್ಪ ಹಚ್ಚಿದಳು. ಅದನ್ನು ಉಪಕಾರವೆಂದು ಎಣಿಸಕೂಡದೆಂದು ಮೊದಲೇ ಕರಾರು ಮಾಡಿಕೊಂಡಳು. ಎರಡು ಕ್ಯಾಬಿನ್ನುಗಳ ನಡುವೆ ಕಡಿದ ಮರದ ಬುಡವೊಂದಿತ್ತು. ತಟ್ಟೆಯನ್ನು ಅದರ ಮೇಲಿಟ್ಟು, ಹೊರಡುವ ದಿನದವರೆಗೂ ಯಾರೂ ಮುಟ್ಟತಕ್ಕದ್ದಲ್ಲ ಎಂದು ತೀರ್ಮಾನಿಸಿದರು.

ಗುರುವಾರ, ಶುಕ್ರವಾರ ಒಲೆಯ ಮೇಲೆ ಟವೆಲ್ಲು ಮತ್ತೆ ಮಲಗಿತು. ಜಲಜಾ ಇಸ್ಪೀಟು ಕಲಿತು ಸೋತಳು. ಕಾಲು ನೀರಿಗಿಳಿಬಿಟ್ಟು ಕೂತಳು. ಕೈಗಳಿಗೆ ಮಡಿಲಲ್ಲಿ ಇರುವುದು ಅಭ್ಯಾಸವಾಯಿತು. ಮನೆಯವರು ಬ್ರೆಡ್ಡು, ಹುರಿಹಿಟ್ಟು, ಪೀಚಿನ ಸಿಹಿ ತಿಂದು ಬದುಕಿದರು, ಯಾರಿಗೂ ಏನೂ ಆಗಲಿಲ್ಲ. ನೆನೆದ ಬೇಳೆ ನೀಲಿ ಜೇ ಹಕ್ಕಿಗಳ ಪಾಲಾಯಿತು.

ಶುಕ್ರವಾರ ಬೆಳಿಗ್ಗೆ ಅವಳು ಜಗಲಿಯಲ್ಲಿರುವಾಗ ಒಳಗೆ ಕಡ್ಡಿ ಗೀರಿದ ಸದ್ದಾಯಿತು, ಆಮೇಲೆ ಏನೋ ಉಕ್ಕಿದ ಸದ್ದು, ಆಮೇಲೆ ಸಣ್ಣಗೆ ಒಂದು ಬೈಗುಳ. ಅವಳು ಏಳಲಿಲ್ಲ. ಏಳದೆ ಇರಲು ಕುರ್ಚಿಯ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಳ್ಳಬೇಕಾಯಿತು. ಸ್ವಲ್ಪ ಹೊತ್ತಿಗೆ ವ್ಯಾಸರಾಜ ಎರಡು ಲೋಟ ಕಾಫಿ ತಂದ. ಆಫೀಸಿನ ಆ ನೀರು ಕುಡಿದು ಕುಡಿದು ತಲೆನೋವು ಬಂದಿತ್ತಂತೆ, ಹೇಗೂ ನಲವತ್ತು ಡಾಲರು ಕೊಟ್ಟಿದ್ದೇವಲ್ಲ ಎಂದ. ಕಾಫಿ ತೆಳ್ಳಗಿತ್ತು, ಸಕ್ಕರೆ ಹೆಚ್ಚಾಗಿತ್ತು, ಮೇಲೆ ಕೆನೆ ತೇಲುತ್ತಿತ್ತು. ಹೇಗಿದೆ ಎಂದು ಕೇಳಿದ. ಬಿಸಿಯಾಗಿದೆ ಎಂದಳು. ಅವಳಿಗೆ ಅಷ್ಟು ಸಾಕಾಗಿತ್ತು.

ಶನಿವಾರ ಕಾರು ಹೊರಡುವಾಗ ಡಾರ್ಲೀನ್ ಮರದ ಬುಡದ ಮೇಲಿದ್ದ ತಟ್ಟೆಯನ್ನು ತಂದು ಕಿಟಕಿಯೊಳಗೆ ತುರುಕಿದಳು. ಖಾಲಿಯಾಗಿಯೇ ಇತ್ತು. ಬರುವ ಬೇಸಿಗೆಗೆ ಇದನ್ನು ವಾಪಸ್ಸು ಕೊಡೋಕಾದರೂ ನೀನು ಬರಬೇಕಾಗುತ್ತೆ ಎಂದಳು. ಜಲಜಾ ಬೇಡವೆನ್ನಲಿಲ್ಲ. ಥ್ಯಾಂಕ್ಯೂ ಎಂದಳು, ಸರಿಯಾದ ಹೊತ್ತಿಗೆ.

ಮನೆಯ ಮೆಟ್ಟಿಲಲ್ಲೇ ಶರಣವ್ವ ಕಾದಿದ್ದಳು. ಜಲಜಾ ಏನನ್ನೂ ಮುಚ್ಚಿಡಲಿಲ್ಲ, ಕಂಬಳಿಯ ಕುಕ್ಕರಿನ ಸಂಗತಿಯನ್ನೂ ಹೇಳಿದಳು. ಸೋತದ್ದು ಸೋತದ್ದೇ. ಬಂದ ಭಾನುವಾರ ಕಡಲೆಬೇಳೆ ಬೇಯಿಸಿ, ಹೂರಣ ರುಬ್ಬಿ, ಹೋಳಿಗೆ ಮಾಡಿ ಡಬ್ಬಿಯ ತುಂಬ ಕಳಿಸಿದಳು. ಸಂಜೆ ಸಂಗನಬಸಪ್ಪನ ಕೈಯಲ್ಲಿ ಡಬ್ಬಿ ಹಿಂದಕ್ಕೆ ಬಂತು. ತೆರೆದು ನೋಡಿದರೆ ಒಳಗೆ ಏನೂ ಇರಲಿಲ್ಲ. ಬೆಳಗಾವಿಯ ಕುಂದಾ ಇಲ್ಲ, ಶೇಂಗಾ ಉಂಡೆ ಇಲ್ಲ, ಒಂದು ಕಾಳು ಸಕ್ಕರೆಯೂ ಇಲ್ಲ. ಆರು ವರ್ಷದಲ್ಲಿ ಶರಣವ್ವ ಹೀಗೆ ಮಾಡಿದವಳಲ್ಲ. ಬೆಟ್ಟದ ಮೇಲೆ ಅಷ್ಟೆಲ್ಲ ಜ್ಞಾನ ಗಳಿಸಿ ಬಂದ ಜಲಜಾಳ ಮುಖ ಕ್ಷಣದಲ್ಲಿ ಕೆಂಪೇರಿತು. ಹೋಳಿಗೆ ಹೊತ್ತಿತ್ತೇ, ಮಾತಿಗೆ ಏನಾದರೂ ತಪ್ಪು ತಿಳಿದರೇ ಎಂದು ಚಪ್ಪಲಿಯಿಲ್ಲದೆ ಪಕ್ಕದ ಬಾಗಿಲಿಗೆ ಹೋದಳು.

ಶರಣವ್ವ ಒಳಗಿಂದಲೇ ಹೇಳಿದಳು: "ಸಿಟ್ಟಿಲ್ಲವ್ವಾ ತಂಗಿ. ನಿನಗ ನಾಳೆ ಸುಮ್ಮ ಕುಂದರಾಕ ಬರಲಿ ಅಂತ ಬೇಕಂತನ ಖಾಲಿ ಕಳಿಸೀನಿ. ಹೋಗು, ಮನಿಗೆ ಹೋಗಿ ಕುಂದರು."

ಜಲಜಾ ಮನೆಗೆ ಹೋಗಿ ಕೂತಳು.

ಆ ವಾರದಲ್ಲಿ ಹೋದದ್ದು: ಪಂತ, ಎರಡು ವಾರ ಮಾಡಿದ ತಿಂಡಿ, ಏಳು ದಿನದ ರಜೆಯಲ್ಲಿ ಐದು ದಿನ. ಬಂದದ್ದು: ಎರಡು ದಿನ, ಒಂದು ನೀಲಿ ತಟ್ಟೆ, ಮತ್ತು ಅಲ್ಲಿಂದಾಚೆ ಪ್ರತಿ ಶುಕ್ರವಾರ ಬೆಳಿಗ್ಗೆ ಗಂಡ ಮಾಡಿಕೊಡುವ ತೆಳ್ಳನೆಯ ಕಾಫಿ.